ಕ್ಲೀನ್ ಮಾಡ್ಸಿ ತನ್ನಿ



ಎರಡು ವಾರದಿಂದ ಇಲ್ಲಿ ಏನೂ ಬರೆದಿಲ್ಲ. ಒಳಮೀಸಲಾತಿ ಬಗ್ಗೆ ಯಾಕೆ ಬಾಯಿ ಮುಚ್ಕೊಂಡಿದ್ದೀಯ ಅಂತ ಇಬ್ಬರು ಇನ್‌ಬಾಕ್ಸಿಗೇ ಬಂದು ಬೈದು ಹೋದರು. ಬಾಯಿ ಮುಚ್ಚಿದ್ದು ನಿಜ, ಮಾಸ್ಕ್ ಹಾಕ್ಕೊಂಡು ಒಂದು ವ್ಯಾಕ್ಯೂಮ್ ಕ್ಲೀನರ್ ಬಿಚ್ಚಿಕೊಂಡು ಕೂತಿದ್ದೆ. ನಗಬೇಡಿ. ಇದು ಉದ್ದದ ಪೋಸ್ಟು, ಪುರುಸೊತ್ತಿದ್ದರೆ ಓದಿ.

ನಮ್ಮ ಆಫೀಸಿನ ಸಾಹೇಬರೊಬ್ಬರಿಗೆ ವರ್ಗಾವಣೆ ಆಯಿತು. (ಯಾವ ಇಲಾಖೆ, ಯಾರು ಅಂತ ಕೇಳಬೇಡಿ, ನಾನಿನ್ನೂ ನೌಕರಿಯಲ್ಲಿದ್ದೀನಿ.) ಮನೆ ಖಾಲಿ ಮಾಡುವಾಗ ಸಾಮಾನು ಎತ್ತೋದಕ್ಕೆ ನಾಲ್ಕು ಜನ ಹೋಗಿದ್ವಿ. ಗುಮಾಸ್ತನ ಕೆಲಸದಲ್ಲಿ ಇದೂ ಸೇರಿದೆ, ಯಾವ ನಿಯಮಾವಳಿಯಲ್ಲೂ ಬರೆದಿಲ್ಲ ಅಷ್ಟೆ. ಕೊನೆಗೆ ಉಳಿದದ್ದು ಒಂದು ಕೆಂಪು ಬಣ್ಣದ ವ್ಯಾಕ್ಯೂಮ್ ಕ್ಲೀನರ್. ಮೇಡಂ ಅದನ್ನ ನನ್ನ ಮುಂದೆ ಇಟ್ಟು ಹೇಳಿದರು: "ಇದು ಓಡಲ್ಲ. ಆದ್ರೆ ನೋಡಿ, ಹೊಸದರ ಹಾಗೇ ಇದೆ. ಕೆಲಸದವಳ ಕೈಗೆ ಒಂದು ದಿನಾನೂ ಕೊಟ್ಟಿಲ್ಲ, ಹಾಳು ಮಾಡಿಬಿಡ್ತಾಳೆ ಅಂತ. ರಿಪೇರಿ ಮಾಡಿಸ್ಕೊಳ್ಳಿ."

ತಗೋಬಾರದಿತ್ತು. ಹಳೇ ಸೀರೆ, ಹಳೇ ಚಪ್ಪಲಿ, ರಾತ್ರಿ ಉಳಿದ ಅನ್ನ ಇಸ್ಕೊಂಡು ಬೆಳೆದ ಮನೆ ನಮ್ಮದು. ಡಿಗ್ರಿ ಮುಗಿದ ದಿನ ಇನ್ನು ಯಾರ ಮನೆಯ ಹಳೇದೂ ನಮ್ಮ ಬಾಗಿಲು ದಾಟಬಾರದು ಅಂತ ಅವ್ವನ ಹತ್ರ ಮಾತು ತಗೊಂಡವನು ನಾನು. ಆದರೆ ಮಗಳಿಗೆ ವೀಸಿಂಗ್ ಇದೆ. ಮನೇಲಿ ಪೊರಕೆ ಆಡಿದ ದಿನ ರಾತ್ರಿ ಇನ್‌ಹೇಲರ್ ಹುಡುಕಬೇಕು. ಒಣ ಪೊರಕೆಯಿಂದ ಗುಡಿಸಬೇಡಿ ಅಂತ ಡಾಕ್ಟರ್ ಹೇಳಿ ಒಂದೂವರೆ ವರ್ಷ ಆಯ್ತು. ಹೊಸ ಮೆಷಿನ್ನಿನ ರೇಟು ಎರಡು ಸಲ ನೋಡಿ ಎರಡು ಸಲ ವಾಪಸ್ ಬಂದಿದ್ದೆ. ತಗೊಂಡೆ. ಬೈಯೋರು ಬೈಯಿರಿ.

ಮಾರನೇ ದಿನ ಬಸ್ ಸ್ಟ್ಯಾಂಡ್ ಹಿಂದಿನ ರಿಪೇರಿ ಅಂಗಡಿಗೆ ಹೋದೆ. ಮಿಕ್ಸಿ, ಫ್ಯಾನು, ಗೀಸರ್ ಎಲ್ಲಾ ಮಾಡ್ತಾರೆ. ಅಂಗಡಿಯವರು ಒಳ್ಳೆಯವರೇ, ನನ್ನ ಜಾತಿಗೀತಿ ಅವರಿಗೆ ಗೊತ್ತಿಲ್ಲ, ಕೇಳಲೂ ಇಲ್ಲ. ಮುಚ್ಚಳ ತೆಗೆದರು. ಒಳಗಿನ ಚೀಲ ಹೊಟ್ಟೆ ಉಬ್ಬಿದ ಹಾವಿನ ಥರ ಬಿಗಿದುಕೊಂಡಿತ್ತು. ಕೈ ಹಿಂದಕ್ಕೆ ತಗೊಂಡರು. "ಇದನ್ನ ಕ್ಲೀನ್ ಮಾಡ್ಸಿ ತನ್ನಿ, ಆಮೇಲೆ ನೋಡೋಣ" ಅಂದರು.

ಗಮನಿಸಿ, "ಮಾಡಿ ತನ್ನಿ" ಅನ್ನಲಿಲ್ಲ. "ಮಾಡ್ಸಿ ತನ್ನಿ" ಅಂದರು.

ಅಂಗಡಿಯಿಂದ ಮನೆವರೆಗೆ ಆ "ಸಿ" ನನ್ನ ತಲೆಯಲ್ಲೇ ತಿರುಗ್ತಾ ಇತ್ತು. ತೊಳೆಸಿ, ಎತ್ತಿಸಿ, ತೆಗೆಸಿ, ಬಳಿಸಿ. ಕನ್ನಡದಲ್ಲಿ ಒಂದೇ ಒಂದು ಅಕ್ಷರ ಸೇರಿಸಿದರೆ ಸಾಕು, ಕೆಲಸ ನಿಮ್ಮ ಕೈಯಿಂದ ಜಾರಿ ಇನ್ಯಾರದೋ ಕೈಗೆ ಹೋಗುತ್ತೆ. ಆ ಇನ್ಯಾರೋ ಯಾರು ಅಂತ ಹೇಳಬೇಕಾಗಿಲ್ಲ, ಹೇಳೋನಿಗೂ ಗೊತ್ತು ಕೇಳೋನಿಗೂ ಗೊತ್ತು. ಅಂಗಡಿಯವರ ಮನಸ್ಸಿನಲ್ಲಿ ಕೆಟ್ಟದ್ದೇನೂ ಇರಲಿಲ್ಲ ಅಂತಲೇ ನಾನು ನಂಬ್ತೀನಿ. ಸಮಸ್ಯೆ ಇರೋದೇ ಅಲ್ಲಿ, ಕೆಟ್ಟ ಮನಸ್ಸು ಬೇಕಾಗೋದೇ ಇಲ್ಲ.

ಈಗ ನನ್ನ ಬಗ್ಗೆ ಹೇಳ್ತೀನಿ, ಇಲ್ಲದಿದ್ದರೆ ಈ ಪೋಸ್ಟ್ ಸುಳ್ಳಾಗುತ್ತೆ. ಮನೆಗೆ ತಂದು ಜಗಲಿ ಮೇಲೆ ಇಟ್ಟೆ. ಚೀಲ ನೋಡಿದೆ. ನನಗೂ ಕೈ ಹೋಗಲಿಲ್ಲ. ಯಾರದೋ ಮನೆಯ ಕೂದಲು, ಚರ್ಮದ ಹೊಟ್ಟು, ಮಂಚದ ಕೆಳಗಿನ ಧೂಳು, ನಾಲ್ಕು ವರ್ಷದ್ದು. ಒಂದು ಕ್ಷಣ ನನ್ನ ತಲೆಗೆ ಬಂದದ್ದೇನು ಗೊತ್ತಾ? ಬೀದಿ ಕೊನೆಯಲ್ಲಿ ಕಸದ ಆಟೋ ಬಂದಾಗ ಆ ಹುಡುಗನಿಗೆ ಇಪ್ಪತ್ತು ರೂಪಾಯಿ ಕೊಟ್ಟು ಖಾಲಿ ಮಾಡಿಸೋಣ ಅಂತ. ಮಾಡಿ-ಸೋ-ಣ. ಏಪ್ರಿಲ್ 14ಕ್ಕೆ ವೇದಿಕೆ ಹತ್ತಿ ಭಾಷಣ ಮಾಡೋ ನಾನು.

ಅವ್ವ ನೋಡ್ತಾ ಇದ್ದಳು. 26 ವರ್ಷ ಈ ಊರಿನ ಬೀದಿ ಗುಡಿಸಿದವಳು, ಪೂರ್ತಿ ಗುತ್ತಿಗೆಯಲ್ಲೇ. 2022ರ ಜುಲೈನಲ್ಲಿ ರಾಜ್ಯದ ಪೌರಕಾರ್ಮಿಕರು ಮುಷ್ಕರ ಕೂತು, ಆಮೇಲೆ ಸರ್ಕಾರ 11,133 ಜನರನ್ನ ಕಾಯಂ ಮಾಡ್ತೀವಿ ಅಂತ ಒಪ್ಪಿಕೊಂಡಾಗ ಅವ್ವ ಆಗಲೇ ಮನೆ ಸೇರಿದ್ದಳು. ಪೆನ್ಷನ್ ಇಲ್ಲ, ಕೆಮ್ಮು ಇದೆ. "ಅದೇನು ಹಾವಾ ಅಂಗೆ ನೋಡ್ತೀಯಲ್ಲ, ತಕ್ಕೊಂಬಾ ಇಲ್ಲಿ" ಅಂದು ಕೈ ಹಾಕಲು ಬಂದಳು. ಆಗ ನನಗೆ ನಾಚಿಕೆ ಆಯಿತು. ಅವಳನ್ನ ಒಳಗೆ ಕಳಿಸಿ, ಮಾಸ್ಕ್ ಹಾಕಿ, ಚೀಲವನ್ನ ಒದ್ದೆ ಬಟ್ಟೆಯಲ್ಲಿ ಸುತ್ತಿ ದೊಡ್ಡ ಪ್ಲಾಸ್ಟಿಕ್ ಕವರಿನ ಒಳಗೇ ಕತ್ತರಿಸಿ ಖಾಲಿ ಮಾಡಿದೆ. ಅವ್ವನ ಶ್ವಾಸಕೋಶಕ್ಕೆ ಇನ್ನು ಬೇರೆಯವರ ಧೂಳು ಬೇಡ.

ಇನ್ನು ಬಿಚ್ಚಿದ ಕಥೆ. ಪಿಯುಸಿ ಫೇಲಾದ ವರ್ಷ ನಾನು ಒಂದು ಮೋಟರ್ ವೈಂಡಿಂಗ್ ಅಂಗಡಿಗೆ ಕೆಲಸ ಕಲಿಯೋಕೆ ಅಂತ ಸೇರಿದ್ದೆ. ಒಂಬತ್ತು ತಿಂಗಳು. ಕಲಿತದ್ದು ಟೀ ತರೋದು, ತಾಮ್ರದ ಚೂರು ಗುಡಿಸೋದು. ನನ್ನ ನಂತರ ಸೇರಿದ ಹುಡುಗ ಎರಡೇ ತಿಂಗಳಲ್ಲಿ ಕಾಯಿಲ್ ಸುತ್ತೋಕೆ ಕೂತ. ಅವನು ಯಾರ ಹುಡುಗ ಅಂತ ನಾನು ಹೇಳಬೇಕಾಗಿಲ್ಲ. ಆದರೆ ಗುಡಿಸೋ ನೆಪದಲ್ಲಿ ನೋಡಿದ್ದು ಕಣ್ಣಲ್ಲಿ ಉಳಿದಿತ್ತು. ಆಮೇಲೆ ಬಿ.ಎ. ಆಯ್ತು, ಗುಮಾಸ್ತಗಿರಿ ಆಯ್ತು. ಮನೆಯ ಮಿಕ್ಸಿ, ಇಸ್ತ್ರಿ ಪೆಟ್ಟಿಗೆ ನಾನೇ ಮಾಡ್ಕೋತೀನಿ. ಒಂದು ಮೀಟರ್ ಇದೆ, ನಾಲ್ಕು ಸ್ಕ್ರೂಡ್ರೈವರ್ ಇದೆ.

ಚಕ್ರದ ಹತ್ತಿರ ಎರಡು ಸ್ಕ್ರೂ, ಚೀಲದ ಗೂಡಿನ ಒಳಗೆ ಎರಡು, ಸ್ಟಿಕ್ಕರ್ ಕೆಳಗೆ ಒಂದು. ಈ ಸ್ಟಿಕ್ಕರ್ ಕೆಳಗಿನದ್ದು ಸಿಗೋದಕ್ಕೆ ಅರ್ಧ ಗಂಟೆ ಹೋಯ್ತು. ಹಳೇ ಎಟಿಎಂ ಕಾರ್ಡ್ ತೂರಿಸಿ ಸುತ್ತ ಮೀಟಿದರೆ ಮೇಲಿನ ಚಿಪ್ಪು ಬರುತ್ತೆ. ವೈರ್ ಸುತ್ತಿಕೊಳ್ಳೋ ಗಾಲಿಯನ್ನ ಮಾತ್ರ ಬಿಚ್ಚೋಕೆ ಹೋಗಬೇಡಿ. ಅದರೊಳಗೆ ಸುರುಳಿ ಸ್ಪ್ರಿಂಗ್ ಬಿಗಿದು ಕೂತಿರುತ್ತೆ, ಬಿಟ್ಟುಕೊಂಡರೆ ಕೈ ಕುಯ್ಯುತ್ತೆ. ಪ್ಲಗ್ ಕಿತ್ತೇ ಕೂರಿ ಅಂತ ಬೇರೆ ಹೇಳಬೇಕಾಗಿಲ್ಲ ಅಲ್ವಾ.

ಇದು ಕಸ ಎಳೆಯೋ ಯಂತ್ರ ಅಂತ ನಾವೆಲ್ಲ ಅಂದ್ಕೊಂಡಿದ್ದೀವಿ. ಅದು ಕಸವನ್ನ ಎಳೆಯಲ್ಲ. ಒಳಗಿನ ಫ್ಯಾನು ಗಾಳಿಯನ್ನ ಹಿಂದಕ್ಕೆ ತಳ್ಳುತ್ತೆ, ಒಳಗೆ ಒತ್ತಡ ಕಮ್ಮಿ ಆಗುತ್ತೆ, ಆ ಜಾಗ ತುಂಬೋಕೆ ಹೊರಗಿನ ಗಾಳಿ ಪೈಪಿನಲ್ಲಿ ನುಗ್ಗುತ್ತೆ, ದಾರಿಯಲ್ಲಿದ್ದ ಧೂಳನ್ನ ಹೊತ್ತುಕೊಂಡು ಬರುತ್ತೆ. ಚೀಲ ಧೂಳನ್ನ ಹಿಡಿದುಕೊಂಡು ಗಾಳಿಯನ್ನ ಬಿಟ್ಟುಕೊಡುತ್ತೆ. ಆಮೇಲೆ ಒಂದು ತೆಳು ಸ್ಪಂಜಿನ ಫಿಲ್ಟರ್. ಅದನ್ನೂ ದಾಟಿದ ಗಾಳಿ, ನನ್ನ ಹತ್ರ ಇರೋ ಥರದ ಒಣ ಕಸದ ಮೆಷಿನ್ನಿನಲ್ಲಿ, ಮೋಟರಿನ ಮೈಮೇಲೆ ಹಾದು ಅದನ್ನ ತಣ್ಣಗೆ ಮಾಡಿ ಹಿಂದಿನಿಂದ ಹೊರಗೆ ಹೋಗುತ್ತೆ. ನಿಮಿಷಕ್ಕೆ 20,000ಕ್ಕೂ ಹೆಚ್ಚು ಸುತ್ತು ತಿರುಗೋ ಮೋಟರು, ಅದಕ್ಕೆ ಆ ಗಾಳಿಯೇ ಉಸಿರು.

ಚೀಲ ತುಂಬಿ ಉಸಿರು ಕಟ್ಟಿದರೆ ಏನಾಗುತ್ತೆ? ಸದ್ದು ಕಮ್ಮಿ ಆಗುತ್ತೆ ಅಂತ ನಾನು ಅಂದ್ಕೊಂಡಿದ್ದೆ. ತಪ್ಪು. ತಳ್ಳೋಕೆ ಗಾಳಿಯೇ ಇಲ್ಲದೆ ಫ್ಯಾನು ಹಗುರಾಗಿ ಇನ್ನೂ ಜೋರಾಗಿ ತಿರುಗುತ್ತೆ, ಕೀರಲು ದನಿಯಲ್ಲಿ ಕಿರುಚುತ್ತೆ. ಕೇಳಿದವರು ಭಾರೀ ಕೆಲಸ ನಡೀತಿದೆ ಅಂದ್ಕೋತಾರೆ. ನೆಲದ ಮೇಲಿನ ಒಂದು ಕೂದಲೂ ಎದ್ದಿರಲ್ಲ. (ನಮ್ಮ ಕೆಲವು ಸಂಘಟನೆಗಳ ನೆನಪಾದರೆ ನಾನು ಜವಾಬ್ದಾರನಲ್ಲ.) ಹೊರಗೆ ಕಿರುಚಾಟ, ಒಳಗೆ ಬಿಸಿ. ಬಿಸಿ ಮಿತಿ ಮೀರಿದರೆ ಕರೆಂಟ್ ಕಡಿಯೋಕೆ ಒಂದು ಸಣ್ಣ ಥರ್ಮಲ್ ಸ್ವಿಚ್ ಇರುತ್ತೆ. ಹತ್ತು ನಿಮಿಷ ಓಡಿ ನಿಲ್ಲುತ್ತೆ, ತಣ್ಣಗಾದ ಮೇಲೆ ಮತ್ತೆ ಓಡುತ್ತೆ. ಸಾಹೇಬರ ಮನೇಲಿ ಹೀಗೇ ಆಗ್ತಿತ್ತಂತೆ. "ಆಫ್ ಮಾಡಿ ಸ್ವಲ್ಪ ಹೊತ್ತು ಬಿಟ್ಟು ಹಾಕ್ತಿದ್ವಿ" ಅಂದಿದ್ದರು ಮೇಡಂ. ನಾಲ್ಕು ವರ್ಷದಲ್ಲಿ ಯಾರೂ ಚೀಲ ಬಿಚ್ಚಿ ನೋಡಿರಲಿಲ್ಲ. ಸ್ಪಂಜಿನ ಫಿಲ್ಟರ್ ಅನ್ನೋದು ಕಂಬಳಿ ತುಂಡಾಗಿತ್ತು, ಎರಡೂ ಕೈಯಲ್ಲಿ ಹಿಡಿದು ಊದಿದರೆ ಉಸಿರು ಆಚೆ ಹೋಗಲಿಲ್ಲ.

ಜಗಲಿ ಮೇಲೆ ಭಾಗಗಳನ್ನ ಹರಡಿಕೊಂಡು ಕೂತಾಗ ನನಗೆ ಹೊಳೆದದ್ದು ಇಷ್ಟು. ಆ ಮನೇಲಿ ಕಸ ಮುಟ್ಟಬಹುದಾದ ಹೆಂಗಸು ಒಬ್ಬಳಿದ್ದಳು, ಅವಳು ಮೆಷಿನ್ ಮುಟ್ಟುವಂತಿರಲಿಲ್ಲ. ಮೆಷಿನ್ ಮುಟ್ಟಬಹುದಾದವರು ಮೂರು ಜನ ಇದ್ದರು, ಅವರು ಕಸ ಮುಟ್ಟುವವರಲ್ಲ. ಇವರಿಬ್ಬರ ಮಧ್ಯೆ ಸಿಕ್ಕಿ ಮೆಷಿನ್ ಉಸಿರು ಕಟ್ಟಿ ಸತ್ತಿತು. ಹೊರಗಿನಿಂದ ಹೊಸದರ ಹಾಗೇ ಹೊಳೀತಿತ್ತು. ಕೆಲಸ ಹಂಚೋದಕ್ಕೂ ಕೆಲಸ ಮಾಡೋರನ್ನೇ ಹಂಚಿ ಬೇರೆ ಬೇರೆ ಗೂಡಿನಲ್ಲಿ ಇಡೋದಕ್ಕೂ ಇರೋ ವ್ಯತ್ಯಾಸವನ್ನ ಬಾಬಾಸಾಹೇಬರು 1936ರಲ್ಲೇ, ಜಾತಿ ವಿನಾಶದ ಆ ಮಾಡಲಾಗದ ಭಾಷಣದಲ್ಲಿ ಬರೆದಿಟ್ಟಿದ್ದಾರೆ. ನಾನು ಅದನ್ನ ಎಷ್ಟೋ ಸಲ ವೇದಿಕೆ ಮೇಲೆ ಹೇಳಿದ್ದೀನಿ. ಮೋಟರ್ ಕೈಯಲ್ಲಿ ಹಿಡಿದಾಗಲೇ ಅದು ನನಗೆ ಸರಿಯಾಗಿ ಅರ್ಥ ಆದದ್ದು.

ಈ ಮೆಷಿನ್ ಹುಟ್ಟಿದ ಕಥೆ ನೋಡಿ. 1901ರಲ್ಲಿ ಲಂಡನ್ನಿನಲ್ಲಿ ಹ್ಯೂಬರ್ಟ್ ಸೆಸಿಲ್ ಬೂತ್ ಅನ್ನೋ ಎಂಜಿನಿಯರ್ ಧೂಳು ಹೀರೋ ಯಂತ್ರ ಮಾಡಿದ. ಅದು ಕುದುರೆ ಗಾಡಿ ಮೇಲೆ ಬೀದಿಗೆ ಬಂದು ನಿಲ್ಲಬೇಕಿತ್ತು, ಕಿಟಕಿಯಿಂದ ಪೈಪ್ ಒಳಗೆ ಬಿಡ್ತಿದ್ದರು. ಒಬ್ಬರೇ ಕೈಯಲ್ಲಿ ಹಿಡಿದು ಓಡಾಡಿಸೋ ಕರೆಂಟಿನ ಮೆಷಿನ್ ಮನೆಮನೆಗೆ ಬಂದ ದಾರಿ ತೆರೆದವನು ಬೇರೆ. ಅಮೆರಿಕದ ಓಹಾಯೋದ ಕ್ಯಾಂಟನ್ ಊರಿನ ಜೇಮ್ಸ್ ಮರ್ರೆ ಸ್ಪ್ಯಾಂಗ್ಲರ್. ಅವನ ಕೆಲಸ? ಒಂದು ಅಂಗಡಿಯಲ್ಲಿ ಜಾನಿಟರ್. ಅಂದ್ರೆ ಗುಡಿಸೋನು. ವಯಸ್ಸು ಅರವತ್ತರ ಹತ್ತಿರ, ಆಸ್ತಮಾ ಬೇರೆ. ಧೂಳು ಎದ್ದರೆ ಉಸಿರು ಕಟ್ತಿತ್ತು. ಒಂದು ಫ್ಯಾನಿನ ಮೋಟರು, ಪೊರಕೆಯ ಹಿಡಿ, ಧೂಳು ಹಿಡಿಯೋಕೆ ದಿಂಬಿನ ಚೀಲ, ಇಷ್ಟನ್ನ ಸೇರಿಸಿ ತಾನೇ ಮಾಡ್ಕೊಂಡ. 1908ರಲ್ಲಿ ಪೇಟೆಂಟ್ ಸಿಕ್ಕಿತು. ದುಡ್ಡಿಲ್ಲದೆ ಹಕ್ಕನ್ನ ಹೂವರ್ ಅನ್ನೋ ಚರ್ಮದ ಸಾಮಾನಿನ ವ್ಯಾಪಾರಿಗೆ ಮಾರಿದ. ಇವತ್ತು ಇಂಗ್ಲೆಂಡಿನಲ್ಲಿ ಮನೆ ಕ್ಲೀನ್ ಮಾಡೋದಕ್ಕೆ ಹೂವರ್ ಅಂತಲೇ ಅಂತಾರೆ, ಸ್ಪ್ಯಾಂಗ್ಲರ್ ಅನ್ನಲ್ಲ. ಗುಡಿಸಿದವನ ಹೆಸರು ಅಲ್ಲೂ ಉಳಿಯಲಿಲ್ಲ.

ಅವನು ಬಿಳಿಯ, ಅದೂ ನೆನಪಿರಲಿ. ಮೊದಲೇ ಪೇಟೆಂಟ್ ತಗೊಂಡು ಅಭ್ಯಾಸ ಇದ್ದವನು. ಅದೇ ಕಾಲದ ಅಮೆರಿಕದಲ್ಲಿ ಕಪ್ಪು ಜನರಿಗೆ ಆ ದಾರಿ ಅಷ್ಟು ಸಲೀಸಿರಲಿಲ್ಲ. ಆದರೂ ನನ್ನ ತಲೆಗೆ ಹತ್ತಿದ ವಿಷಯ ಇದು: ಅವನ ಒಂದು ಕೈಯಲ್ಲಿ ಪೊರಕೆ ಇತ್ತು, ಇನ್ನೊಂದು ಕೈಗೆ ಸ್ಕ್ರೂಡ್ರೈವರ್ ಸಿಕ್ಕಿತು. ಧೂಳು ಕುಡಿದವನಿಗೇ ಅದಕ್ಕೆ ಏನು ಬೇಕು ಅಂತ ಗೊತ್ತಿತ್ತು. ನಮ್ಮವ್ವನಿಗೂ ಗೊತ್ತಿತ್ತು. ತಳ್ಳೋ ಗಾಡಿಯ ಹಿಡಿ ಗಿಡ್ಡ, ಬೆನ್ನು ಹೋಗುತ್ತೆ, ಒಂದು ಗೇಣು ಉದ್ದ ಮಾಡಿಸಿ ಕೊಡಿ ಅಂತ ಮೇಸ್ತ್ರಿಗೆ ವರ್ಷಗಟ್ಟಲೆ ಹೇಳಿದಳು. ಯಾರೂ ಮಾಡಲಿಲ್ಲ. ಕೊನೆಗೆ ತಾನೇ ಎರಡು ಬಿದಿರು ಕಟ್ಟಿಕೊಂಡಳು, ಇಲಾಖೆ ಆಸ್ತಿಯನ್ನ ವಿರೂಪ ಮಾಡಿದೆ ಅಂತ ಬೈಸಿಕೊಂಡು ಬಿಚ್ಚಿದಳು.

ಈಗ ದೊಡ್ಡ ಮೆಷಿನ್ನಿಗೆ ಬರ್ತೀನಿ. ಮ್ಯಾನ್‌ಹೋಲಿನಿಂದ ಹೂಳು ಹೀರೋ ಸಕ್ಕಿಂಗ್ ಲಾರಿ ಇದೆಯಲ್ಲ, ಅದೂ ಇದೇ ತತ್ವ. ಒಳಗೆ ಒತ್ತಡ ಇಳಿಸು, ಹೊರಗಿನದ್ದು ತಾನೇ ನುಗ್ಗುತ್ತೆ. 70ರ ದಶಕದಲ್ಲಿ ಅರಸು ಸರ್ಕಾರದಲ್ಲಿ ಮಂತ್ರಿಯಾಗಿದ್ದ ಬಿ. ಬಸವಲಿಂಗಪ್ಪನವರು ತಲೆ ಮೇಲೆ ಮಲ ಹೊರೋದನ್ನ ನಿಷೇಧಿಸಿದರು. 1993ರಲ್ಲಿ ಒಂದು ಕೇಂದ್ರ ಕಾನೂನು, 2013ರಲ್ಲಿ ಇನ್ನೊಂದು. ನಮ್ಮ ಕೆಜಿಎಫ್‌ನಲ್ಲಿ ಹುಟ್ಟಿದ ಬೆಜವಾಡ ವಿಲ್ಸನ್ ಅವರ ಸಫಾಯಿ ಕರ್ಮಚಾರಿ ಆಂದೋಲನ 2003ರಲ್ಲಿ ಹಾಕಿದ ಕೇಸಿನಲ್ಲಿ 2014ಕ್ಕೆ ಸುಪ್ರೀಂ ಕೋರ್ಟ್ ತೀರ್ಪು ಬಂತು, ಚರಂಡಿಯಲ್ಲಿ ಸತ್ತವರ ಮನೆಗೆ 10 ಲಕ್ಷ ಕೊಡಿ ಅಂತ. 2023ರಲ್ಲಿ ಅದು 30 ಲಕ್ಷ ಆಯ್ತು. ಸಾವಿನ ರೇಟು ಏರಿತು, ಸಾವು ನಿಲ್ಲಲಿಲ್ಲ. ಯಾಕೆ? ಮೆಷಿನ್ ಇಲ್ಲ ಅಂತಲೇ ಅಲ್ಲ. ಮೆಷಿನ್ ಗಲ್ಲಿಯೊಳಗೆ ಹೋಗಲ್ಲ, ಪೈಪ್ ಕಟ್ಟಿಕೊಳ್ಳುತ್ತೆ, ಕೆಟ್ಟರೆ ತಿಂಗಳುಗಟ್ಟಲೆ ನಿಂತಿರುತ್ತೆ, ಆಗ ಇಳಿಸೋಕೆ ಒಬ್ಬ ಮನುಷ್ಯ ಯಾವಾಗಲೂ ರೆಡಿ ಇರ್ತಾನೆ. ಪೈಪ್ ಕಟ್ಟಿಕೊಂಡರೆ ಮನುಷ್ಯನನ್ನ ಇಳಿಸಬಹುದು ಅನ್ನೋ ದಾರಿ ತೆರೆದಿರೋವರೆಗೆ ಪೈಪ್ ಯಾಕೆ ಕಟ್ಟಿಕೊಳ್ತು ಅಂತ ಯಾವ ಎಂಜಿನಿಯರೂ ತಲೆ ಕೆಡಿಸಿಕೊಳ್ಳಲ್ಲ.

ಹಾಗಾಗಿ ನನ್ನ ತಕರಾರು ನಮ್ಮವರ ಜೊತೆಗೂ ಇದೆ. ಮೆಷಿನ್ ಕೊಡಿ, ಮೆಷಿನ್ ಕೊಡಿ ಅಂತ ಮನವಿ ಪತ್ರ ಕೊಟ್ಟು ಫೋಟೋ ತೆಗೆಸ್ಕೊಂಡು ಬರ್ತೀವಿ. ಮೆಷಿನ್ ಬರುತ್ತೆ. ಅದರ ಸ್ಟೇರಿಂಗ್ ಹಿಡಿಯೋಕೆ ಗುತ್ತಿಗೆದಾರನ ಅಳಿಯ ಬರ್ತಾನೆ. ಅದರ ಪೈಪ್ ಹಿಡಿಯೋಕೆ ನಮ್ಮ ಹುಡುಗ. ಇನ್ನು ಕೆಲವರು ಹೇಳ್ತಾರೆ, ಮೆಷಿನ್ ಬಂದರೆ ನಮ್ಮ ಹೆಂಗಸರ ಕೆಲಸ ಹೋಗುತ್ತೆ, ಬೇಡ ಅಂತ. ಅವರ ಭಯ ಸುಳ್ಳಲ್ಲ, ಆ ಸಂಬಳದಲ್ಲಿ ನಾನೂ ಓದಿದ್ದೀನಿ. ಆದರೆ ಪೊರಕೆಯನ್ನ ಉಳಿಸೋಕೆ ಹೋರಾಟ ಮಾಡೋದು ನನ್ನಿಂದ ಆಗಲ್ಲ. ಕೇಳಬೇಕಾದ್ದು ಇದು: ಗುಡಿಸ್ತಿದ್ದವರಿಗೇ ಆ ಮೆಷಿನ್ನಿನ ಆಪರೇಟರ್ ಹುದ್ದೆ, ಅವರಿಗೇ ರಿಪೇರಿ ತರಬೇತಿ, ಅವರ ಸಹಿ ಇಲ್ಲದೆ ಹೊಸ ಮೆಷಿನ್ ಖರೀದಿ ಇಲ್ಲ. ಹಿಡಿ ಗಿಡ್ಡ ಇದ್ದರೆ ಬೇಡ ಅನ್ನೋ ಅಧಿಕಾರ. ಇದನ್ನ ನಮ್ಮ ಮುಂದಿನ ಮನವಿಯಲ್ಲಿ ಬರೀಬೇಕು. ಬರೆಯೋಕೆ ನಾನಿದ್ದೀನಿ, ಮನವಿ ಬರೆಯೋದು ನನಗೆ ಹೊಟ್ಟೆಪಾಡು.

ಮೆಷಿನ್ ಏನಾಯ್ತು ಅಂತ ಕೇಳ್ತೀರಿ. ಮೀಟರ್ ಇಟ್ಟು ನೋಡಿದೆ. ವೈರ್ ಸರಿ ಇತ್ತು, ಸ್ವಿಚ್ ಸರಿ, ಥರ್ಮಲ್ ಸ್ವಿಚ್ಚೂ ಸರಿ. ಮೋಟರಿಗೆ ಬಂದಾಗ ಮುಳ್ಳು ಅಲ್ಲಾಡಲಿಲ್ಲ. ಎರಡು ಕಡೆ ಹಿತ್ತಾಳೆ ಗೂಡಿನಲ್ಲಿ ಕಾರ್ಬನ್ ಬ್ರಷ್ ಇರುತ್ತೆ, ಪೆನ್ಸಿಲ್ ಸೀಸದ ಥರದ್ದೇ ಚೌಕ ತುಂಡು, ಹಿಂದೆ ಸ್ಪ್ರಿಂಗ್. ತಿರುಗೋ ತಾಮ್ರಕ್ಕೆ ಒರಗಿಕೊಂಡು ಕರೆಂಟ್ ದಾಟಿಸೋದು ಅದರ ಕೆಲಸ, ಒರಗಿ ಒರಗಿ ತಾನು ಸವೆದುಹೋಗೋದು ಅದರ ಹಣೆಬರಹ. ಒಂದು ಸವೆದು ನಾಲ್ಕು ಮಿಲಿಮೀಟರ್ ಉಳಿದಿತ್ತು, ತಾಮ್ರವನ್ನ ಮುಟ್ಟುತ್ತಲೇ ಇರಲಿಲ್ಲ. ಬೆಂಗಳೂರಿಗೆ ಸಭೆಗೆ ಹೋದಾಗ ಎಸ್.ಪಿ. ರೋಡಿನಲ್ಲಿ ಹುಡುಕಿದೆ. ಅದೇ ಅಳತೆಯದ್ದು ಸಿಗಲಿಲ್ಲ, ಸ್ವಲ್ಪ ದಪ್ಪದ್ದು ಸಿಕ್ಕಿತು, ಜೋಡಿಗೆ 120 ರೂಪಾಯಿ. ಮನೇಲಿ ನಯವಾದ ಸ್ಯಾಂಡ್ ಪೇಪರ್ ಮೇಲೆ ಉಜ್ಜಿ ಉಜ್ಜಿ ಗೂಡಿಗೆ ಸರಿ ಮಾಡಿದೆ. ಕಪ್ಪಾಗಿದ್ದ ತಾಮ್ರವನ್ನೂ ಅದರಲ್ಲೇ ಮೆಲ್ಲಗೆ ಒರೆಸಿದೆ. ಎಮರಿ ಕಾಗದ ಬೇಡ, ಅದರ ಪುಡಿ ತಾಮ್ರದ ಪಟ್ಟಿಗಳ ಮಧ್ಯೆ ಕೂತು ಶಾರ್ಟ್ ಮಾಡುತ್ತೆ. ಸ್ಪಂಜನ್ನ ಮೂರು ನೀರಿನಲ್ಲಿ ತೊಳೆದು ಎರಡು ದಿನ ನೆರಳಲ್ಲಿ ಒಣಗಿಸಿದೆ. ಹೊಸ ಚೀಲ ಹೆಂಡತಿ ಹತ್ತಿ ಬಟ್ಟೆಯಲ್ಲಿ ಎರಡು ಪದರ ಹಾಕಿ ಹೊಲಿದಳು.

ಶನಿವಾರ ಸಂಜೆ ಪ್ಲಗ್ ಹಾಕಿದೆ. ಮೊದಲು ಕಿಡಿ, ಆಮೇಲೆ ಸುಟ್ಟ ವಾಸನೆ, ಹೆಂಡತಿ ಮೇನ್ ಸ್ವಿಚ್ ಹತ್ರ ಓಡಿದಳು. ಹೊಸ ಬ್ರಷ್ ತಾಮ್ರಕ್ಕೆ ಒಗ್ಗೋವರೆಗೆ ಸ್ವಲ್ಪ ಕಿಡಿ ಇರುತ್ತೆ. ಐದು ನಿಮಿಷದಲ್ಲಿ ಒಗ್ಗಿತು. ದನಿ ಇಳಿದು ಗಟ್ಟಿಯಾಯ್ತು. ಮಗಳು ಮಂಚದ ಕೆಳಗೆ ಪೈಪ್ ಬಿಟ್ಟಳು, ಅವ್ವ ಬಾಗಿಲಲ್ಲಿ ನಿಂತು "ಅಲ್ಲೇ, ಆ ಮೂಲೆ ಬಿಟ್ಟೆ" ಅಂತ ಮೇಸ್ತ್ರಿಗಿರಿ ಮಾಡಿದಳು. ಮನೇಲಿ ಈಗ ಒಂದು ನಿಯಮ: ಯಾರು ಓಡಿಸ್ತಾರೋ ಅವರೇ ಚೀಲ ಖಾಲಿ ಮಾಡಬೇಕು. ಮಗಳು ಮಾತ್ರ ಧೂಳಿನ ಹತ್ರ ಬರೋ ಹಾಗಿಲ್ಲ, ಅವಳ ಸರದಿ ನನ್ನದು.

ನಮ್ಮ ಆಫೀಸಿನಲ್ಲೂ ಒಂದು ವ್ಯಾಕ್ಯೂಮ್ ಕ್ಲೀನರ್ ಇದೆ. ಸ್ಟಾಕ್ ರಿಜಿಸ್ಟರಿನಲ್ಲಿ ನನ್ನದೇ ಅಕ್ಷರ. ಸಾಹೇಬರ ಚೇಂಬರಿನ ಕಾರ್ಪೆಟ್ಟಿಗೆ ಅಂತ ತಂದದ್ದು, ಬೀರುವಿನಲ್ಲಿ ಬೀಗ ಹಾಕಿ ಇಟ್ಟಿದ್ದೀವಿ. ಹೊರಗುತ್ತಿಗೆಯ ಅಕ್ಕ ದಿನಾ ಆರು ರೂಮು, ಎರಡು ಮೆಟ್ಟಿಲು ಪೊರಕೆಯಲ್ಲೇ ಗುಡಿಸ್ತಾಳೆ, ಸೆರಗು ಮೂಗಿಗೆ ಕಟ್ಟಿಕೊಂಡು. ತಿಂಗಳ ಕೊನೆಯಲ್ಲಿ ನಾನು ಕಡತದಲ್ಲಿ ಬರೀತೀನಿ: ಕಚೇರಿಯನ್ನು ಸ್ವಚ್ಛಗೊಳಿಸಲಾಗಿದೆ. ಯಾರು ಸ್ವಚ್ಛ ಮಾಡಿದರು ಅಂತ ಆ ವಾಕ್ಯದಲ್ಲಿ ಜಾಗವೇ ಇಲ್ಲ. ಹದಿನೇಳು ವರ್ಷದಿಂದ ಅದೇ ವಾಕ್ಯ ಬರೆದಿದ್ದೀನಿ. ಕಳೆದ ಸೋಮವಾರ ಬೀರುವಿನ ಕೀಲಿಯನ್ನ ಅಕ್ಕನಿಗೆ ಕೊಡಬೇಕು ಅಂತ ಒಂದು ಟಿಪ್ಪಣಿ ಹಾಕಿದ್ದೀನಿ, ಅದರಲ್ಲಿ ಅವಳ ಹೆಸರು ಬರೆದಿದ್ದೀನಿ. "ಚರ್ಚಿಸಿ" ಅಂತ ವಾಪಸ್ ಬಂದಿದೆ. ಚರ್ಚಿಸ್ತೀನಿ.

ಈ ಭಾನುವಾರ ಬೆಳಗ್ಗೆ ಹತ್ತಕ್ಕೆ ನಮ್ಮ ಬೀದಿಯ ಅಂಬೇಡ್ಕರ್ ಭವನದಲ್ಲಿ ಕೂತಿರ್ತೀನಿ. ಕೆಟ್ಟ ಮಿಕ್ಸಿ, ವ್ಯಾಕ್ಯೂಮ್ ಕ್ಲೀನರ್ ಇದ್ದರೆ ತನ್ನಿ, ಬಿಚ್ಚೋದು ಕಲಿಯೋಕೆ ಮಕ್ಕಳನ್ನೂ ಕರ್ಕೊಂಡು ಬನ್ನಿ, ಹೆಣ್ಣುಮಕ್ಕಳನ್ನ ಮೊದಲು. ಮೀಟರ್ ಒಂದೇ ಇದೆ, ಇದ್ದವರು ಇನ್ನೊಂದು ತಂದರೆ ಒಳ್ಳೇದು. ಕಾರ್ಬನ್ ಬ್ರಷ್ ನೀವೇ ತರಬೇಕು, ಹಳೇದನ್ನ ತೋರಿಸಿದರೆ ಅಳತೆ ಹೇಳ್ತೀನಿ. ಚೀಲ ಕ್ಲೀನ್ ಮಾಡ್ಸಿ ತರೋದು ಬೇಡ, ಹಾಗೇ ತನ್ನಿ, ಮಾಸ್ಕ್ ಇದೆ, ಅಲ್ಲೇ ಕೂತು ಮಾಡೋಣ.

ಜೈ ಭೀಮ್.